ಬಸವನ ಕತ್ತು ಮುಳುಗುವ ತನಕ

ನಾನು ನೀರುಗಳ್ಳಿಯಂತೆ! ಚಾವಡಿಯಲ್ಲಿ ಊರವರೆಲ್ಲರ ಎದುರಿಗೆ ನಿಲ್ಲಿಸಿ ಹಾಗಂದರು. ಮೊದಲು ಅಂದವಳು ಹೊರಗಿನವಳೂ ಅಲ್ಲ, ನನ್ನ ವಾರಗಿತ್ತಿ ದುಂಡಮ್ಮ, ನನ್ನ ಗಂಡನ ತಮ್ಮನ ಹೆಂಡತಿ. ಅವಳ ಚೊಚ್ಚಲ ಬಾಣಂತನ ಮಾಡಿದವಳು ನಾನು. ಅವಳ ಮಗಳಿಗೆ ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡವಳು ನಾನು. ಅಂಥವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಮ್ಮಕ್ಕ ಕದ್ದು ಮಡೆ ತಿರುಗಿಸ್ಕತಾವ್ಳೆ, ಅದಕ್ಕೇ ನಮ್ಮ ಕಟ್ಟೆ ತುಂಬಾಕಿಲ್ಲ" ಅಂದುಬಿಟ್ಟಳು. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರ ಬೆಟ್ಟದ ನೆತ್ತಿಯ ಹತ್ತಿರ ದೊಡ್ಡ ಕೆರೆಯಿದೆ. ಅದರ ತೂಬಿನಿಂದ ಹೊರಟ ಕಾಲುವೆ ಬೆಟ್ಟದ ಪಕ್ಕೆಯನ್ನು ಬಳಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ನಮ್ಮ ಹೊಲಗಳ ಮೇಲ್ಗಡೆಯೇ ಬರುತ್ತದೆ. ಕಾಲುವೆಯ ದಂಡೆಯಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಬಾಯಿ. ಅದಕ್ಕೆ ಮಡೆ ಅನ್ನುತ್ತೇವೆ. ನೀರುಗಂಟಿ ಬೊಮ್ಮಯ್ಯ ಯಾರ ಪಾಳಿ ಎಂದು ಕೂಗುತ್ತಾನೋ ಅವರು ಮಡೆ ತೆಗೆದು ನೀರು ಕಟ್ಟಿಕೊಳ್ಳಬೇಕು, ಮುಗಿದ ಮೇಲೆ ಮುಚ್ಚಬೇಕು. ಎಲ್ಲರದೂ ಆಗಿ ಉಳಿದ ನೀರು ಕೊನೆಗೆ ಕಟ್ಟೆಗೆ ಬೀಳುತ್ತದೆ. ಕಟ್ಟೆಯೆಂದರೆ ಒಂದು ಪುಟ್ಟ ಕೆರೆ, ಅಷ್ಟೆ. ಅದರ ಏರಿಯ ಕೆಳಗಿನ ಗದ್ದೆಗಳಿಗೆ ಅದೇ ಗತಿ. ಕಾಲುವೆಯ ಕೊನೆಯ ಮಡೆ ನನ್ನದು. ಕಟ್ಟೆಯ ಕೆಳಗಿನ ಮೊದಲ ಗದ್ದೆ ದುಂಡಮ್ಮನದು. ನಮ್ಮ ಮಾವ ಪಾಲು ಮಾಡುವಾಗ ಅಣ್ಣತಮ್ಮಂದಿರು ಅಕ್ಕಪಕ್ಕ ಇರಲಿ ಅಂತ ಹೀಗೆ ಹಂಚಿಕೊಟ್ಟು ಕಣ್ಣುಮುಚ್ಚಿದ.

ಬೆಟ್ಟದ ಕೆರೆಯ ಈ ನೀರನ್ನು ಹರಿಯುವಾಗ ನೋಡಬಾರದು. ನೋಡಿದರೆ ನಿಂತುಬಿಡುತ್ತದೆ. ಕೆರೆಯಲ್ಲೋ ಕಟ್ಟೆಯಲ್ಲೋ ನಿಂತ ನೀರನ್ನು ಹೊತ್ತು ಮುಳುಗುವವರೆಗೆ ನೋಡುತ್ತ ಕೂತರೂ ಕೇಳುವವರಿಲ್ಲ. ಹರಿಯುವಾಗ ಮಾತ್ರ ಮನುಷ್ಯರ ಕಣ್ಣು ಬೀಳಬಾರದು. ಬಿದ್ದಲ್ಲೇ ನಿಲ್ಲುತ್ತದೆ, ಕಣ್ಣು ತೆಗೆದರೆ ಮತ್ತೆ ಹೊರಡುತ್ತದೆ. ದನ ಕರು ನೋಡಿದರೆ ಏನೂ ಇಲ್ಲ. ಮಳೆಯ ಮಾತು ಬೇರೆ, ಅದು ಯಾರಿಗೂ ಸೊಪ್ಪು ಹಾಕುವುದಿಲ್ಲ.

ಹಾಗಾಗಿ ನಮ್ಮೂರಲ್ಲಿ ಮಗು ಅಂಬೆಗಾಲಿಡುವುದರ ಜೊತೆಗೇ ಬೆನ್ನು ತಿರುಗಿಸುವುದನ್ನೂ ಕಲಿಯುತ್ತದೆ. ಜುಳುಜುಳು ಸದ್ದು ಕಿವಿಗೆ ಬಿತ್ತೋ, ಮುಖ ಬೆಟ್ಟದ ಕಡೆಗೆ. ಕಾಲುವೆ ದಂಡೆಯ ಮೇಲೆ ಹುಲ್ಲು ಹೊತ್ತು ಓಡಾಡಿ ಓಡಾಡಿ ನಮ್ಮ ಮುದುಕಿಯರ ಕತ್ತೆಲ್ಲ ಒಂದೇ ಕಡೆಗೆ ವಾಲಿಕೊಂಡಿದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದಾ ಎಂದು ಕೇಳುವುದಿಲ್ಲ, ಕಾಲುವೆಯ ಪಕ್ಕ ಒಂದು ಸಲ ನಡೆಸಿ ನೋಡುತ್ತಾರೆ. ಅವಳ ಕಣ್ಣು ನೀರಿನ ಕಡೆ ಹೊರಳಿತೋ, ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. "ನೀರು ನೋಡಿದೋಳು" ಅನ್ನುವುದಕ್ಕಿಂತ ಕೆಟ್ಟ ಬೈಗುಳ ನಮ್ಮಲ್ಲಿಲ್ಲ. ಹೊಲಕ್ಕೆ ನೀರು ಕಟ್ಟುವುದೂ ಮಡೆಗೆ ಬೆನ್ನು ಕೊಟ್ಟೇ. ಪಾತಿ ತುಂಬಿತೋ ಇಲ್ಲವೋ ಕಾಲಿಗೆ ಗೊತ್ತಾಗುತ್ತದೆ.

ಎಲ್ಲ ಸರಿ. ಆದರೆ ಯಾರೂ ನೋಡದ ನೀರನ್ನು ಯಾರಾದರೂ ಕದ್ದರೆ ಹಿಡಿಯುವುದು ಹೇಗೆ? ಕದಿಯದವಳು ಕದ್ದಿಲ್ಲ ಅಂತ ತೋರಿಸುವುದು ಹೇಗೆ? ನಮ್ಮೂರಲ್ಲಿ ನೀರಿಗಿಂತ ಅನುಮಾನವೇ ಜಾಸ್ತಿ ಹರಿದಿದೆ. ಇಷ್ಟು ದಿನ ಅದು ಬೇರೆಯವರ ಮನೆಗೆ ಹರಿಯುತ್ತಿತ್ತು, ಆ ಸಲ ನನ್ನ ಮನೆಗೆ ಬಂತು.

ಕಟ್ಟೆಯ ನಡುವೆ ಕಾಲು ಮಡಚಿ ಮಲಗಿದ ಕಲ್ಲಿನ ಬಸವನಿದ್ದಾನೆ. ಬಸವನ ಕತ್ತು ಮುಳುಗಿತು ಅಂದರೆ ಕಟ್ಟೆ ತುಂಬಿತು ಅಂತ ಲೆಕ್ಕ. ಆ ವರ್ಷ ನೀರು ಬಸವನ ಹೊಟ್ಟೆಯವರೆಗೆ ಬಂದು ನಿಂತದ್ದು ಮೇಲೆ ಏರಲೇ ಇಲ್ಲ. ಅಷ್ಟು ನೀರು ಕಟ್ಟೆಯ ತೂಬಿಗೆ ಎಟುಕುವುದಿಲ್ಲ. ಕೆಳಗೆ ದುಂಡಮ್ಮನ ಪೈರು ನಾಟಿಯಾಗಿ ಬೇರು ಹಿಡಿಯುವ ಹೊತ್ತು, ಗದ್ದೆ ಬಿರುಕು ಬಿಡತೊಡಗಿತು. ಕಟ್ಟೆಗಿಂತ ಮೇಲಿನ ಮಡೆ ಯಾರದು? ನನ್ನದು. ನನ್ನ ಬೆಳ್ಳುಳ್ಳಿ ಪಾತಿ ಹೇಗಿದೆ? ಹಸಿರಾಗಿದೆ. ಇನ್ನೇನು ಬೇಕು? ಗೌಡರಿಗೆ ಅಷ್ಟೇ ಸಾಕಾಯಿತು.

ಊರ ಯಜಮಾನಿಕೆ ಮಾಡುವ ಮರಿಗೌಡರು ಕೆಟ್ಟವರಲ್ಲ, ಆದರೆ ಊಟದ ಹೊತ್ತಾದರೆ ನ್ಯಾಯ ಬೇಗ ಮುಗಿಸುತ್ತಾರೆ. "ನೋಡು ಚಿಕ್ಕತಾಯಮ್ಮ, ನೀನು ತಕ್ಕಂಡೆ ಅಂತ ನಾನು ಹೇಳಾಕಿಲ್ಲ, ತಕ್ಕಂಡಿಲ್ಲ ಅಂತಲೂ ಹೇಳಾಕಿಲ್ಲ. ಬಸವನ ಕತ್ತು ಮುಳುಗೋಗಂಟ ನಿನ್ನ ಮಡೆಗೆ ಕಲ್ಲು ಹಾಕ್ಸಾದು" ಅಂದರು. ನಾನು, "ಗೌಡ್ರೇ, ನನ್ನ ಬೆಳ್ಳುಳ್ಳಿ ಗೆಡ್ಡೆ ಕಟ್ಟೋ ಟೈಮು. ಈಗ ನೀರು ತಪ್ಪಿಸಿದ್ರೆ ಕಡ್ಲೆಕಾಳಿನಷ್ಟೂ ಆಗಾಕಿಲ್ಲ" ಅಂದೆ. ನನ್ನ ಗಂಡನ ಕಡೆ ತಿರುಗಿದೆ. ಆ ಮಹಾರಾಯ ಹೆಗಲ ಮೇಲಿನ ಟವೆಲು ಕೊಡವಿಕೊಂಡು, "ಹೋಗ್ಲಿ ಬಿಡು, ಗೌಡ್ರು ಹೇಳ್ತಾವ್ರಲ್ಲ" ಅಂದ. ಮದುವೆಯಾದ ದಿನದಿಂದ ಈ "ಹೋಗ್ಲಿ ಬಿಡು" ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ.

ಬೊಮ್ಮಯ್ಯ ಬಂದು ನನ್ನ ಮಡೆಗೆ ಗುಂಡುಕಲ್ಲು ತುಂಬಿ ಮಣ್ಣು ಮೆತ್ತಿದ. ನಾನೂ ಸುಮ್ಮನೆ ನಿಂತೆ. ಯಾಕೆಂದರೆ ನಾನು ಕದ್ದಿದ್ದರೆ ತಾನೇ, ಈಗ ಕಟ್ಟೆ ತುಂಬುವುದು? ತುಂಬದಿದ್ದರೆ ಎಲ್ಲರ ಮುಖಕ್ಕೂ ಹೇಳಬಹುದು. ನಾನಂದುಕೊಂಡಂತೆಯೇ ಆಯಿತು. ನೀರು ಬಸವನ ಹೊಟ್ಟೆ ಬಿಟ್ಟು ಒಂದು ಬೆರಳೂ ಮೇಲೇರಲಿಲ್ಲ. ಎದೆಯುಬ್ಬಿಸಿಕೊಂಡು ಚಾವಡಿಗೆ ಹೋಗಿ, "ಈಗೇನಂತೀರ?" ಅಂದೆ. ಗೌಡರು ಊರವರನ್ನು ಕಟ್ಟಿಕೊಂಡು ಎದ್ದು ನನ್ನ ಹೊಲಕ್ಕೇ ಬಂದರು. ನಾನು ನೆಲದೊಳಗೆ ಬಿಲ ತೋಡಿ ನೀರು ಎಳೆಯುತ್ತಿದ್ದೇನಂತೆ! ಬೊಮ್ಮಯ್ಯ ಹಾರೆ ಹಿಡಿದು, ಎಲ್ಲಾದರೂ ನೀರು ಚಿಮ್ಮಿದರೆ ಕಣ್ಣಿಗೆ ಬಿದ್ದೀತೆಂದು ಮುಖ ಆ ಕಡೆ ಮಾಡಿಕೊಂಡು, ನನ್ನ ಪಾತಿಗಳನ್ನು ಚುಚ್ಚಿದ್ದೇ ಚುಚ್ಚಿದ್ದು. ನೀರು ಸಿಗಲಿಲ್ಲ, ಬೆಳ್ಳುಳ್ಳಿ ಗಿಡಗಳು ಮಾತ್ರ ಬುಡಮೇಲಾದವು. ದುಂಡಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಅವತ್ತು ನನಗೆ ಅವಳ ಮುಖ ನೋಡುವುದೇ ಬೇಡ ಅನ್ನಿಸಿತು.

ಬೆಳ್ಳುಳ್ಳಿಯ ತುದಿ ಹಳದಿಯಾಯಿತು, ಆಮೇಲೆ ಸುರುಟಿಕೊಂಡಿತು. ಅಂಗಡಿಗೆ ಹೋದರೆ ಮಾತು ನಿಲ್ಲಿಸುತ್ತಿದ್ದರು. ಹಾಲಿನ ಡೈರಿಯ ಸಾಲಿನಲ್ಲಿ ನನ್ನ ಹಿಂದೆ ನಿಂತವಳು ಇನ್ನೊಬ್ಬಳಿಗೆ ಪಿಸುಗುಟ್ಟಿದ್ದು ನನಗೇ ಕೇಳಿಸಿತು. ಬೆಳೆ ಹೋದರೆ ಇನ್ನೊಂದು ವರ್ಷ ಬಿತ್ತಬಹುದು. ಹೆಸರು ಹೋದರೆ ಈ ಊರಲ್ಲಿ ಹೇಗೆ ಬಾಳುವುದು? ನನ್ನ ಮಡೆಯ ಕಲ್ಲು ತೆಗೆಸಬೇಕು, ಅದಕ್ಕೆ ಬಸವನ ಕತ್ತು ಮುಳುಗಬೇಕು, ಅದಕ್ಕೆ ಈ ನೀರು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಬೇಕು. ಬೇರೆ ಯಾರು ಹುಡುಕುತ್ತಾರೆ? ಒಂದು ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿ, ಒಲೆಯ ಮೇಲಿನ ಹುರುಳಿಯನ್ನು ನನ್ನ ಗಂಡನಿಗೆ ಒಪ್ಪಿಸಿ ಕಟ್ಟೆಯ ಕಡೆ ಹೊರಟೆ.

ಕಟ್ಟೆಯ ಏರಿಯನ್ನು ಒಳಗಡೆಯಿಂದ ಪೂರ್ತಿ ನೋಡಿದೆ. ಕಲ್ಲು ಕಲ್ಲೂ ಸರಿಯಾಗಿತ್ತು. ಹೊರಗಡೆ ಕೇದಿಗೆಯ ಮೆಳೆ. ಹಾವಿರುತ್ತದೆ ಅಂತ ಅಲ್ಲಿಗೆ ಯಾರೂ ನುಗ್ಗುವುದಿಲ್ಲ. ಅವತ್ತು ನನಗಿದ್ದ ಸಿಟ್ಟಿಗೆ ಹಾವೇ ದಾರಿ ಬಿಡಬೇಕಿತ್ತು. ಕುಡುಗೋಲಿನಲ್ಲಿ ಗರಿ ಸವರಿಕೊಂಡು ಒಳಗೆ ಹೋದೆ. ಹೋದಂತೆ ಕಿವಿಗೆ ಸದ್ದು ಬಿತ್ತು. ಜುಳುಜುಳು. ನಾನು ಥಟ್ಟನೆ ಬೆನ್ನು ತಿರುಗಿಸಿ, ಸೆರಗು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ವಾಪಸು ನಡೆದೆ.

ಮೆಳೆಯಿಂದ ಹೊರಗೆ ಬಂದ ಮೇಲೆ ತಲೆಗೆ ಹೊಳೆಯಿತು. ಅಲ್ಲ, ಇದು ಯಾರ ಪಾಳಿಯ ನೀರು? ಇಲ್ಲಿ ಯಾರ ಹೊಲವೂ ಇಲ್ಲ, ಕಾಲುವೆಯೂ ಇಲ್ಲ, ಏರಿಯ ಆ ಕಡೆಯಿರುವುದು ಹಳ್ಳ. ಇಲ್ಲಿ ನೀರು ಯಾಕೆ ಹರಿಯಬೇಕು? ಅಯ್ಯೋ ನನ್ನ ಬುದ್ಧಿಗಿಷ್ಟು, ಅಂದುಕೊಂಡು ಮತ್ತೆ ಒಳಗೆ ನುಗ್ಗಿದೆ. ಸದ್ದಿನ ಹತ್ತಿರ ಬಂದಂತೆ ಕತ್ತು ತಾನೇ ತಾನಾಗಿ ಬೆಟ್ಟದ ಕಡೆಗೆ ಹೊರಳುತ್ತಿತ್ತು. ಎರಡು ಕೈಯಲ್ಲಿ ಗಲ್ಲ ಹಿಡಿದು ತಿರುಗಿಸಿಕೊಂಡೆ. ಸುಳ್ಳು ಹೇಳುವುದಿಲ್ಲ, ಮೈಮೇಲಿನ ಬಟ್ಟೆ ಜಾರಿದಷ್ಟು ನಾಚಿಕೆಯಾಯಿತು. ನೋಡಿದೆ.

ಏರಿಯ ನಡುವೆ ಏಡಿ ತೋಡಿದ ಬಿಲ ದೊಡ್ಡದಾಗಿ ತೂತು ಬಿದ್ದಿತ್ತು. ಅದರೊಳಗಿನಿಂದ ನೀರು ಮಡಿಸಿದ ತೋಳಿನಂತೆ ಹೊರಗೆ ಬಾಗಿ, ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತಿತ್ತು. ತೂತಿರುವುದು ಸರಿಯಾಗಿ ಬಸವನ ಹೊಟ್ಟೆಯ ಮಟ್ಟಕ್ಕೆ. ಅದಕ್ಕಿಂತ ಮೇಲೆ ಏರಿದ್ದೆಲ್ಲ ಇಲ್ಲಿಂದ ಹಳ್ಳಕ್ಕೆ. "ಸಿಕ್ಕಿದೆಯಾ ಕಳ್ಳ!" ಅಂತ ಜೋರಾಗಿ ಕೂಗಿದೆ. ಕುಣಿಯುವಷ್ಟು ಸಂತೋಷವಾಯಿತು. ಊರನ್ನೆಲ್ಲ ಕರೆದು ತೋರಿಸಬೇಕೆಂದು ತಿರುಗಿ ಓಡಹೊರಟೆ. ಹಿಂದೆ ಭುಸ್ ಅಂತ ನೀರು ನುಗ್ಗಿತು, ಅದರ ಜೊತೆಗೆ ಧೊಪ್ ಅಂತ ಏನೋ ಬಿತ್ತು. ತಿರುಗಿ ನೋಡಿದರೆ ಏರಿಯ ಒಂದು ಹೆಂಟೆ ಕಿತ್ತು ಬಂದಿತ್ತು. ಈಗ ತೂತಿನಲ್ಲಿ ನನ್ನ ತಲೆ ತೂರಿಸಬಹುದಿತ್ತು.

ಇನ್ನೊಂದು ಸಲ ಕಣ್ಣು ತೆಗೆದರೆ ಇನ್ನೊಂದು ಹೆಂಟೆ, ಆಮೇಲೆ ಇಡೀ ಏರಿ. ಏರಿ ಹೋದರೆ ಅಷ್ಟೂ ನೀರು ಪಕ್ಕದ ದುಂಡಮ್ಮನ ಗದ್ದೆಯ ಮೇಲೆ, ಗದ್ದೆಯ ತಲೆಯಲ್ಲಿರುವ ಅವಳ ಮನೆಯ ಮೇಲೆ. ಆಮೇಲೆ ನನ್ನ ಮಡೆಯ ಕಲ್ಲು ತೆಗೆದರೆಷ್ಟು ಬಿಟ್ಟರೆಷ್ಟು? ಕಟ್ಟೆಯೇ ಇಲ್ಲದ ಮೇಲೆ ಬಸವನ ಕತ್ತು ಯಾವತ್ತು ಮುಳುಗೀತು? ನಾನು ಸಾಯುವವರೆಗೂ ಕಳ್ಳಿಯೇ. ಅಲ್ಲೇ ಕಾಲೂರಿ ನಿಂತು, ಕಣ್ಣು ತೂತಿನ ಮೇಲೆ ನೆಟ್ಟು, "ಯಾರ್ರಪ್ಪಾ ಅಲ್ಲಿ! ಬನ್ರೋ!" ಅಂತ ಗಂಟಲು ಹರಿಯುವಂತೆ ಅರಚಿದೆ.

ಯಾರೂ ಸಿಗದೆ ಅವಳೇ ಬರಬೇಕೇ! ದುಂಡಮ್ಮ ಕಳೆ ಕೀಳುತ್ತಿದ್ದವಳು ಮೆಳೆಯೊಳಗೆ ಬಂದಳು. ನಾನು ಅವಳ ಕಡೆ ನೋಡಲಾಗಲಿಲ್ಲ, ದನಿಯಿಂದಲೇ ಗೊತ್ತಾಯಿತು. "ಏನಕ್ಕ, ಇಲ್ಲೇನ್ ಮಾಡ್ತಿದ್ದೀ? ಈಗ ನೇರವಾಗಿ ಕಟ್ಟೆಗೇ ಕನ್ನ ಹಾಕಾಕೆ ಬಂದ್ಯಾ?" ಅಂದಳು.

"ಬಾಯಿ ಮುಚ್ಚೇ. ಇಲ್ಲಿ ನೋಡು, ಏರಿ ತೂತು ಬಿದ್ದೈತೆ."

"ನೀರಿನ ಸದ್ದು ಕೇಳುಸ್ತು ನನಗೆ. ನಾನ್ ತಿರುಗ್ಕಂಡಿದೀನಿ. ನಾನ್ ನೋಡಾಕಿಲ್ಲ."

"ಈಗ ಸದ್ದು ಕೇಳುಸ್ತಾ ಐತಾ? ನಿಂತೈತೆ ಕಣೇ. ನಾನು ನೋಡ್ತಾ ಇದೀನಿ, ಅದಕ್ಕೇ ನಿಂತೈತೆ!"

"ಅಯ್ಯಯ್ಯೋ, ನೀನು ನೋಡ್ತಿದ್ದೀಯಾ? ನಾಚ್ಕೆ ಆಗಾಕಿಲ್ವಾ?" ಅಂದಳು.

"ಮಾನ ಹೋದ್ರೆ ಹೋಗ್ಲಿ, ಅದನ್ನ ನೀನು ಆಗ್ಲೇ ಚಾವಡಿಲಿ ಹರಾಜು ಹಾಕಿದ್ದೀಯ. ಇದು ಕಿತ್ಕಂಡ್ರೆ ನಿನ್ನ ಮನೆ ಮೇಲೇ ಬರೋದು. ತಿರುಗೇ, ದರಿದ್ರದೋಳೇ!"

ಅಷ್ಟರಲ್ಲಿ ನನಗೆ ರೆಪ್ಪೆ ತಡೆಯಲಾಗಲಿಲ್ಲ. ಒಂದು ಸಲ ಮಿಟುಕಿಸಿದೆ. ಅಷ್ಟಕ್ಕೇ ಪಿಚಕ್ ಅಂತ ನೀರು ಹಾರಿ ಅವಳ ಕಾಲಿಗೆ ಬಡಿಯಿತು. ಅವಳು ಕಿಟಾರನೆ ಕಿರುಚಿ ತಿರುಗಿದಳು. ತೂತು ನೋಡಿದಳು, ನೀರು ನೋಡಿದಳು, ಅದು ಹೋಗುತ್ತಿದ್ದ ಹಳ್ಳ ನೋಡಿದಳು. ಆಮೇಲೆ ಮೆತ್ತಗೆ, "ಅಕ್ಕ... ನಮ್ಮ ನೀರು ಇಲ್ಲಿ ಹೋಯ್ತಿತ್ತಾ?" ಅಂದಳು. ಅವಳಿಗೆ ಅನ್ನುವ ಮಾತು ಬೇಕಾದಷ್ಟಿತ್ತು, ಆದರೆ ಕಣ್ಣು ಉರಿಯುತ್ತಿತ್ತು. ಅವಳು ನನ್ನ ಪಕ್ಕಕ್ಕೆ ಬಂದು, ಹೆಗಲಿಗೆ ಹೆಗಲು ಕೊಟ್ಟು ನಿಂತು, ಕಣ್ಣರಳಿಸಿ ತೂತನ್ನೇ ದಿಟ್ಟಿಸಿದಳು. "ಅಕ್ಕ, ಕಣ್ಣು ಮುಚ್ಕೋ ಒಂದ್ಗಳಿಗೆ. ನಾನು ಹಿಡ್ಕಂಡಿದೀನಿ" ಅಂದಳು. ಕಣ್ಣು ಮುಚ್ಚಿದೆ. ಏನು ಹಾಯೆನ್ನಿಸಿತು ಅಂತೀರಿ! ನೀರು ಅಲುಗಲಿಲ್ಲ. ಅವಳು ಹಿಡಿದುಕೊಂಡಿದ್ದಳು.

ಹಾಗೇ ಒಬ್ಬರಾದ ಮೇಲೆ ಒಬ್ಬರು ರೆಪ್ಪೆ ಹಾಕುತ್ತ, ಇಬ್ಬರೂ ಒಟ್ಟಿಗೆ ಕೂಗುತ್ತ ಕೂತೆವು. ನಮ್ಮಿಬ್ಬರ ಗಂಟಲು ಸೇರಿದರೆ ಬೆಟ್ಟವೇ ಎದ್ದು ಬರಬೇಕು. ಮೊದಲು ಬೊಮ್ಮಯ್ಯ ಬಂದ, ಅವನ ಹಿಂದೆ ಊರೇ ಬಂತು. ಗಂಡಸರು ಮಂಕರಿಗಳಲ್ಲಿ ಜೇಡಿಮಣ್ಣು, ಹುಲ್ಲು, ಕಲ್ಲು ಹೊತ್ತು ತಂದರು. ಎಲ್ಲರೂ ಹಿಮ್ಮುಖವಾಗಿ ನಡೆದುಕೊಂಡೇ ಬಂದರು! ಒಬ್ಬ ಕೇದಿಗೆ ಮುಳ್ಳಿನ ಮೇಲೆ ಕೂತ. ಬೊಮ್ಮಯ್ಯ ಅಲ್ಲೇ ನಿಂತು, "ಈ ಸದ್ದು ನಾನು ಹೋದ ದೀಪಾವಳಿಯಿಂದ ಕೇಳುಸ್ಕತಿದ್ದೆ ಕಣವ್ವ. ಯಾರದೋ ಪಾಳಿ ಅಂದ್ಕಂಡು ಮರ್ಯಾದೆಯಾಗಿ ತಿರುಗ್ಕಂಡು ಹೋಯ್ತಿದ್ದೆ" ಅಂದ. ಪಾಳಿ ಕೂಗುವವನೇ ಇವನು! ಇನ್ನೊಬ್ಬ, "ನಾನೂ ಕೇಳಿದ್ದೆ" ಅಂದ. ಮತ್ತೊಬ್ಬಳು, "ನಾನೂ" ಅಂದಳು. ಮರಿಗೌಡರು ಕೆಮ್ಮಿದರು. ಬೆಳಿಗ್ಗೆ ಚೊಂಬು ಹಿಡಿದು ಈ ಕಡೆ ಬಂದಾಗೆಲ್ಲ ಅವರಿಗೂ ಕೇಳಿಸುತ್ತಿತ್ತಂತೆ. ಊರಿಗೆ ಊರೇ ಕಳ್ಳನಿಗೆ ಬೆನ್ನು ತಿರುಗಿಸಿ, ನನ್ನ ಹೊಲ ಅಗೆದಿತ್ತು. "ಥೂ ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಈಗಲಾದ್ರೂ ತಿರುಗ್ರಿ" ಅಂತ ಚೆನ್ನಾಗಿ ಉಗಿದೆ.

ತೂತಿನಿಂದಾಚೆ ಬಾಗಿ ನಿಂತಿದ್ದ ನೀರನ್ನು ಮೊದಲು ಒಂದು ಕೊಡಕ್ಕೆ ಇಳಿಸಿಕೊಂಡರು. ಆಮೇಲೆ ಹುಲ್ಲಿನ ಸಿಂಬಿ ಸುತ್ತಿ ಒಳಕ್ಕೆ ತುರುಕಿದರು, ಕಲ್ಲು ಜೋಡಿಸಿದರು, ಮಣ್ಣು ತುಂಬಿ ದಿಮ್ಮಿಯಲ್ಲಿ ಗುದ್ದಿದರು. ಬೊಮ್ಮಯ್ಯನಿಗೆ ಎಷ್ಟು ಹೇಳಿದರೂ ಕಣ್ಣು ಬಿಡಲಾಗಲಿಲ್ಲ. ಅವನು ಎಸೆದ ಮೊದಲ ಮಂಕರಿ ಮಣ್ಣು ದುಂಡಮ್ಮನ ಮಡಿಲಿಗೆ ಬಿತ್ತು. "ನನ್ನೇ ಹೂಳ್ತೀಯೇನೋ, ಕಣ್ಣು ಬಿಡೋ ಮಾರಾಯ!" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತೂತು ನೋಡಿದೆ, ಅವಳೂ ನಗುತ್ತಲೇ ನೋಡಿದಳು. ಅವಳ ಜೊತೆ ನಕ್ಕು ಎಷ್ಟು ಕಾಲವಾಗಿತ್ತು!

ಮುಚ್ಚಿದ್ದೇನೋ ಆಯಿತು. ನಿಂತಿದೆ ಅಂತ ಗೊತ್ತಾಗುವುದು ಹೇಗೆ? ನೋಡಿದರೆ ಹೇಗೂ ನಿಲ್ಲುತ್ತದೆ, ಅದರಲ್ಲಿ ಏನು ಹೆಚ್ಚುಗಾರಿಕೆ? ಯಾರೂ ನೋಡದಿರುವಾಗ ನಿಲ್ಲಬೇಕು. ಗೌಡರು, "ಎಲ್ರೂ ತಿರುಗ್ಕಳ್ಳಿ. ಯಾರಾದ್ರೂ ಬೆನ್ನು ಕೊಟ್ಟು ಕೂರ್ಬೇಕು, ಜಿನುಗಿದ್ರೆ ಮೊದ್ಲು ಬೆನ್ನಿಗೆ ತಿಳೀತದೆ" ಅಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಿತ್ತುಕೊಂಡರೆ ಮೊದಲು ಹೋಗುವವರು ಅಲ್ಲಿ ಕೂತವರು ತಾನೇ? ನಾನು ಹೋಗಿ ಹಸಿಮಣ್ಣಿನ ಪಕ್ಕದಲ್ಲಿ, ಒಣಗಿದ ಏರಿಗೆ ಒರಗಿ ಕೂತೆ. ದುಂಡಮ್ಮ ಆ ಪಕ್ಕದಲ್ಲಿ ಕೂತಳು. ಅವಳ ಗಂಡ ಬೇಡವೆಂದ, ಅವಳು ಕೇಳಲಿಲ್ಲ.

ಎಲ್ಲರೂ ಬೆನ್ನು ತಿರುಗಿಸಿದರು. ನನ್ನ ಬೆನ್ನ ಹಿಂದೆ ಅಷ್ಟು ದೊಡ್ಡ ನೀರು ಇದೆ ಅನ್ನುವುದು ಆವತ್ತೇ ನನಗೆ ಗೊತ್ತಾದದ್ದು. ಬಿಸಿಲು ನೆತ್ತಿಗೆ ಬಂತು, ಮೆಳೆಯ ನೆರಳು ಕಾಲಡಿಗೆ ಸೇರಿತು. ದುಂಡಮ್ಮ ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಕ್ಕ, ನಿನ್ನ ಬೆನ್ನು?" ಅಂದಳು. "ಒಣಗೈತೆ. ನಿಂದು?" ಅಂದೆ. "ಒಣಗೈತೆ ಕಣಕ್ಕ" ಅಂದಳು. ಇನ್ನಷ್ಟು ಹೊತ್ತು ಕೂತೆವು. ಒಣಗೇ ಇತ್ತು. ಗೌಡರು ಬಂದು ಏರಿಯ ಮೇಲೆ ಅಂಗೈ ಊರಿ, ದೊಡ್ಡ ಉಸಿರು ಬಿಟ್ಟು, "ಗೆದ್ವಿ" ಅಂದರು. ಊಟದ ಹೊತ್ತು ಮೀರಿದ್ದು ಅವರಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಸಂಜೆಗೆ ನೀರು ಬಸವನ ಬೆನ್ನು ದಾಟಿತ್ತು. ಅದರ ಮಾರನೆಯ ಬೆಳಿಗ್ಗೆ ಊರೆಲ್ಲ ಏರಿಯ ಮೇಲೆ ಸೇರಿ ನೋಡಿತು, ಕತ್ತು ಮುಳುಗಿ ಬಸವನ ತಲೆ ಮಾತ್ರ ಕಾಣುತ್ತಿತ್ತು. ನನ್ನ ಗಂಡ ಎಲ್ಲರಿಗಿಂತ ಮುಂದೆ ನಿಂತು, "ನಮ್ಮೋಳು ಕದಿಯೋಳಲ್ಲ ಅಂತ ನನಗೆ ಗೊತ್ತಿತ್ತು" ಅಂದ. "ಹೋಗ್ಲಿ ಬಿಡು" ಅಂದೆ ನಾನು.

ಗೌಡರು ಬೊಮ್ಮಯ್ಯನಿಗೆ, "ಹೋಗು, ಚಿಕ್ಕತಾಯಮ್ಮನ ಮಡೆ ಕಲ್ಲು ತೆಗಿ" ಅಂದರು. ಅವನು ಹಾರೆ ಎತ್ತಿಕೊಂಡ. ದುಂಡಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. "ಹಾಕ್ಸಿದೋಳು ನಾನು. ತೆಗೆಯೋಳೂ ನಾನೇ" ಅಂದಳು. ಎಲ್ಲರೂ ನನ್ನ ಹೊಲಕ್ಕೆ ಬಂದರು. ಅವಳು ಮೊಣಕಾಲೂರಿ ಒಂದೊಂದೇ ಗುಂಡುಕಲ್ಲು ಕಿತ್ತು ಎಸೆದಳು. ಉಗುರು ಮುರಿದು ರಕ್ತ ಬಂತು, ಸೆರಗಿಗೆ ಒರೆಸಿಕೊಂಡು ಮತ್ತೆ ಕಿತ್ತಳು. ನಾನು ಸಾಕು ಬಿಡೇ ಅಂದರೂ ಬಿಡಲಿಲ್ಲ. ಕೊನೆಯ ಕಲ್ಲಿಗೆ ಕೈ ಹಾಕಿ, ಊರಿಗೆಲ್ಲ ಕೇಳುವಂತೆ, "ನಮ್ಮಕ್ಕ ಕಳ್ಳಿ ಅಲ್ಲ. ನಾನು ತಪ್ಪು ಅಂದಿದ್ದೆ. ನೀರು ಬರ್ತದೆ, ಎಲ್ರೂ ತಿರುಗ್ಕಳ್ಳಿ!" ಅಂತ ಕೂಗಿದಳು.

ಊರೆಲ್ಲ ತಿರುಗಿ ನಿಂತಿತು. ಗೌಡರು, ಬೊಮ್ಮಯ್ಯ, ನನ್ನ ಗಂಡ, ಡೈರಿಯಲ್ಲಿ ಪಿಸುಗುಟ್ಟಿದವಳು, ಎಲ್ಲರೂ. ದುಂಡಮ್ಮ ಕಲ್ಲು ಎಳೆದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಲ್ಲೇ ಕೂತಳು. ನೀರು ಗಳಗಳ ಸದ್ದು ಮಾಡುತ್ತ ನನ್ನ ಒಣಗಿದ ಪಾತಿಗೆ ನುಗ್ಗಿತು. ನನಗೆ ಅಳು ಬಂತು. ಚಾವಡಿಯಲ್ಲಿ ಬಂದಿರಲಿಲ್ಲ, ಪಾತಿ ಅಗೆದಾಗ ಬಂದಿರಲಿಲ್ಲ, ಅವತ್ತು ಬಂತು. ನೋಡುವವರು ಯಾರೂ ಇರಲಿಲ್ಲ. ಹೊಟ್ಟೆ ತುಂಬಾ ಅತ್ತೆ.